ಹಳೇ ಬ್ಲೋವರ್ ಮತ್ತು ಪಕ್ಕದ ಸೊಪ್ಪು

ನಾನು ಬೆಳ್ಳಂಬೆಳಗ್ಗೆ ಕುಡಿದು ಹಸುವಿನ ಕೊರಳು ತಬ್ಬಿಕೊಂಡು ಅತ್ತಿದ್ದೆ ಅಂತ ನಮ್ಮೂರಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ನಾನು ಜನ್ಮದಲ್ಲಿ ಕುಡಿದವನಲ್ಲ. ಆದರೂ ಆ ಮಾತನ್ನು ತಿದ್ದಲು ಹೋಗಿಲ್ಲ, ಯಾಕೆಂದರೆ ಅದಕ್ಕಿಂತ ಕೆಟ್ಟದ್ದು ಅದರ ಹಿಂದಿನ ದಿನ ನಡೆದಿತ್ತು. ಅಲೀಪುರದಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಎದುರು ನಿಂತು ನಾನು ಒಂದು ಸುಳ್ಳು ಹೇಳಿದ್ದೆ. ನಗುವ ಕಥೆ ಎಲ್ಲರಿಗೂ ಗೊತ್ತು, ಆ ಸುಳ್ಳು ಊರಲ್ಲಿ ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದವನು. ಬರೆಯೋದು ಅಭ್ಯಾಸವಿಲ್ಲ, ಆದರೂ ಇದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು ಅನ್ನಿಸಿದೆ.

ನಮ್ಮದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವಾಗ ಒಳಗೆ ತಿರುಗಿಕೊಂಡರೆ ಸಿಗುವ ಹಳ್ಳಿ. ಕಲ್ಲು ಕಂಬ ನೆಟ್ಟು, ತಂತಿ ಎಳೆದು, ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿ ತೋಟ ನನ್ನದು. ದ್ರಾಕ್ಷಿ ಇಟ್ಟವನಿಗೆ ಬಳ್ಳಿ ಕತ್ತರಿಸಿದ ದಿನದಿಂದ ಹಣ್ಣು ಕೀಳುವ ತನಕ ಔಷಧಿ ಹೊಡೆಯುವ ಕೆಲಸ ಮುಗಿಯುವುದೇ ಇಲ್ಲ. ಮೋಡ ಕವಿದರೆ ಒಂದು, ಮಂಜು ಬಿದ್ದರೆ ಇನ್ನೊಂದು. ಮೊದಲು ಎಂಜಿನ್ ಇಟ್ಟು, ಉದ್ದನೆಯ ಪೈಪು ಎಳೆದುಕೊಂಡು ಹೊಡೆಯುತ್ತಿದ್ದೆವು. ಒಬ್ಬ ಪೈಪು ಹಿಡಿದು ಕತ್ತು ಮೇಲೆತ್ತಿಕೊಂಡೇ ನಡೆಯಬೇಕು, ಹೊಡೆದ ಔಷಧಿಯಲ್ಲಿ ಅರ್ಧ ಅವನ ಮುಖದ ಮೇಲೇ ಇಳಿಯುತ್ತೆ. ಕೂಲಿಯವರು ಈ ಕೆಲಸ ಅಂದರೆ ಬರುವುದಿಲ್ಲ ಅನ್ನತೊಡಗಿದರು. ನನ್ನ ಮಂಡಿಯೂ ಬರುವುದಿಲ್ಲ ಅಂದಿತು.

ಆಗ ಬ್ಲೋವರ್ ಆಸೆ ಹತ್ತಿತು. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿಕೊಳ್ಳುವ ಯಂತ್ರ ಅದು. ಒಂದು ಟ್ಯಾಂಕು, ಒಂದು ಪಂಪು, ಹಿಂದುಗಡೆ ದೊಡ್ಡ ಫ್ಯಾನು. ಟ್ರ್ಯಾಕ್ಟರಿನ ಶಾಫ್ಟ್ ತಿರುಗಿದರೆ ಫ್ಯಾನು ತಿರುಗಿ ಔಷಧಿಯನ್ನು ಹೊಗೆಯ ಹಾಗೆ ಮಾಡಿ ಎಲೆಯ ಅಡಿಗೂ ಮೇಲಕ್ಕೂ ತೂರುತ್ತೆ. ನಾವು ಸೀಟಿನ ಮೇಲೆ ಕೂತು ಹೋಗುತ್ತಿದ್ದರೆ ಆಯಿತು. ನನ್ನ ಹತ್ತಿರ ಮಿನಿ ಟ್ರ್ಯಾಕ್ಟರ್ ಇತ್ತು. ಆದರೆ ನಮ್ಮದು ಹಳೇ ಚಪ್ಪರ, ತಗ್ಗು, ಸಾಲು ಇಕ್ಕಟ್ಟು. ಅದರಡಿ ನುಗ್ಗುವಂಥ ಚಿಕ್ಕ ಬ್ಲೋವರ್ ಹಳೆಯದು ಸಿಗುವುದೇ ಅಪರೂಪ. ಹೊಸದು ತರಬಹುದಿತ್ತು. ಈ ವಯಸ್ಸಿಗೆ ಹೊಸದು ಯಾಕೆ ಅನ್ನುವ ಬುದ್ಧಿ ನನ್ನದು.

ಇಲ್ಲಿ ನನ್ನ ತಮ್ಮನ ವಿಷಯ ಹೇಳಬೇಕು. ನನ್ನ ತೋಟದ ತಂತಿ ಬೇಲಿಯ ಆಚೆಗೆ ಅವನ ತೋಟ. ಅವನು ದ್ರಾಕ್ಷಿ ಕಿತ್ತುಹಾಕಿ ಹಿಪ್ಪುನೇರಳೆ ನೆಟ್ಟು, ಮನೆಯ ಹಿಂದೆ ಹುಳುವಿನ ಮನೆ ಕಟ್ಟಿಕೊಂಡು ರೇಷ್ಮೆ ಹುಳು ಸಾಕುತ್ತಾನೆ. ನನ್ನ ಮಗಳ ಮದುವೆಯಿಂದ ನಮ್ಮಿಬ್ಬರಿಗೆ ಮಾತು ಬಿಟ್ಟುಹೋಗಿತ್ತು. ಗಂಡಿನ ಮನೆ ನೋಡಲು ಹೋದಾಗ ಅವನು ಹುಳುವಿನ ಕೆಲಸ ಅಂತ ಬರಲಿಲ್ಲ. ಆ ಸಿಟ್ಟಿಗೆ ಲಗ್ನಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರು ಅಂತ ಬರುತ್ತದಲ್ಲ, ಅಲ್ಲಿ ದೂರದ ಚಿಕ್ಕಪ್ಪ ದೊಡ್ಡಪ್ಪಂದಿರನ್ನೆಲ್ಲ ಬರೆದು ಅವನ ಹೆಸರನ್ನು ಬಿಟ್ಟೆ. ಕೇಳಿದವರಿಗೆ ಪ್ರೆಸ್ಸಿನವನ ತಪ್ಪು ಅಂದೆ. ಅವನು ಮದುವೆಗೆ ಬಂದ, ಊಟ ಮಾಡಿದ, ಹೋದ. ಅವತ್ತಿನಿಂದ ಮಾತಿಲ್ಲ. ಹೆಂಗಸರು ಮಾತ್ರ ಎಂದಿನ ಹಾಗೆ ಬೇಲಿಯ ಬಳಿ ನಿಂತು ಸಾರು ಪಲ್ಯ ಬದಲಾಯಿಸಿಕೊಳ್ಳುತ್ತಿದ್ದರು.

ಮಾತು ಬಿಟ್ಟ ಮನೆಗಳಲ್ಲಿ ವಿಷಯ ತಿಳಿಸಲು ನಮ್ಮ ಕಡೆ ಒಂದು ದಾರಿ ಇದೆ. ಹಸುವಿಗೆ ಹೇಳುವುದು. ಬೇಲಿಯ ಹತ್ತಿರ ಹಸು ಕಟ್ಟಿ, ಮೈ ತಿಕ್ಕುತ್ತಾ, ನಾಳೆ ಬೆಳಿಗ್ಗೆ ಮೂರು ಫೇಸ್ ಕರೆಂಟ್ ಕೊಡ್ತಾರಂತೆ ಕಣಮ್ಮ ಅಂತ ಗಟ್ಟಿಯಾಗಿ ಅಂದರೆ ಬೆಳಿಗ್ಗೆ ಆಚೆ ತೋಟದ ಪಂಪು ಸರಿಯಾದ ಹೊತ್ತಿಗೆ ಶುರುವಾಗುತ್ತೆ. ಅವನೂ ಅವನ ಹಸುವಿಗೆ ಹೀಗೇ ಹೇಳುತ್ತಿದ್ದ. ನಮ್ಮ ಹಸುಗಳಿಗೆ ಊರಿನ ಸಮಾಚಾರವೆಲ್ಲ ಗೊತ್ತಿತ್ತು.

ಹಿಪ್ಪುನೇರಳೆಯ ಪಕ್ಕ ಔಷಧಿ ಹೊಡೆಯುವವನು ಮುಂಚೆ ಹೇಳಿ ಹೊಡೆಯಬೇಕು. ಇದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಸೊಪ್ಪಿನ ಮೇಲೆ ಕೀಟದ ಔಷಧಿಯ ಗಾಳಿ ಸೋಕಿದರೂ ಅದನ್ನು ತಿಂದ ರೇಷ್ಮೆ ಹುಳು ಉಳಿಯುವುದಿಲ್ಲ. ಪೈಪಿನಲ್ಲಿ ಹೊಡೆಯುವಾಗ ಬೇಲಿಯ ಕಡೆಯ ಸಾಲನ್ನು ಜೋಪಾನವಾಗಿ ಹೊಡೆದರೆ ಆಚೆಗೆ ಹೋಗುತ್ತಿರಲಿಲ್ಲ, ಹೇಳುವ ಪ್ರಮೇಯ ಬರುತ್ತಿರಲಿಲ್ಲ. ಬ್ಲೋವರ್ ಹಾಗಲ್ಲ, ದೂರ ತೂರುತ್ತೆ. ಅದನ್ನು ತಂದರೆ ತಮ್ಮನ ಜೊತೆ ಮಾತಾಡಬೇಕಾಗುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಮನಸ್ಸಿನ ಹಿಂದಕ್ಕೆ ತಳ್ಳಿದ್ದೆ.

ಅಲೀಪುರದಲ್ಲಿ ಒಂದು ಚಿಕ್ಕ ಬ್ಲೋವರ್ ಇದೆ ಅಂತ ತಿಳಿಸಿದವನು ನನ್ನ ಬಾಮೈದ. ಅವನಿಗೆ ಒಂದು ಟೆಂಪೋ ಇದೆ, ರೇಷ್ಮೆ ಗೂಡು, ಟೊಮೆಟೊ, ಯಾರದೋ ಮನೆ ಸಾಮಾನು, ಏನು ಸಿಕ್ಕರೂ ಹೊಡೆಯುತ್ತಾನೆ. ಯಂತ್ರದ ವಿಷಯ ತಿಳಿದವನು, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಇಬ್ಬರೂ ಮಂಚೇನಹಳ್ಳಿ ದಾಟಿ ತೊಂಡೇಬಾವಿಯ ಕಡೆಯಿಂದ ಅಲೀಪುರಕ್ಕೆ ಹೋದೆವು.

ಮಾರುವವರು ನನ್ನದೇ ವಯಸ್ಸಿನ ಸಾಹೇಬರು. ಮಕ್ಕಳೆಲ್ಲ ಹರಳಿನ ವ್ಯಾಪಾರಕ್ಕೆ ಇಳಿದಿದ್ದರು, ದಾಳಿಂಬೆ ತೋಟ ಇವರೊಬ್ಬರ ಆಸೆಯಾಗಿತ್ತು, ಅದನ್ನೂ ತೆಗೆಸಿಬಿಟ್ಟಿದ್ದರು. ಷೆಡ್ಡಿನ ಮೂಲೆಯಲ್ಲಿ ತಾಡಪಾಲು ಹೊದಿಸಿ ಬ್ಲೋವರ್ ಇಟ್ಟಿದ್ದರು. ಬಾಮೈದ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಕಿವಿ ಕೊಟ್ಟು ಕೇಳಿದ. ಗೇರ್ ಬಾಕ್ಸಿನ ಆಯಿಲನ್ನು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದು ನೋಡಿದ. ಅವರ ಟ್ರ್ಯಾಕ್ಟರಿಗೇ ಸಿಕ್ಕಿಸಿ ಫ್ಯಾನು ಓಡಿಸಿದೆವು. ಷೆಡ್ಡಿನ ಧೂಳೆಲ್ಲ ಎದ್ದು ಆಚೆಗೆ ಹೋಯಿತು, ಜೊತೆಗೆ ಎರಡು ಕೋಳಿಗಳೂ ಹೋದವು. ಸಾಹೇಬರ ಮನೆಯಿಂದ ಟೀ ಬಂತು. ರೇಟಿನ ಮಾತು ಟೀ ಮುಗಿಯುವುದರೊಳಗೆ ಮುಗಿಯಿತು. ನನಗೆ ಒಳಗೊಳಗೇ ಕುಣಿಯುವ ಹಾಗಾಗಿತ್ತು.

ಆಗ ಸಾಹೇಬರು ಟ್ಯಾಂಕಿನ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಕೇಳಿದರು.

“ಯಜಮಾನ್ರೇ, ಒಂದು ಮಾತು. ನಿಮ್ಮ ತೋಟದ ಪಕ್ಕ ಹಿಪ್ಪುನೇರಳೆ ಇದ್ಯಾ?”

ಯಾಕೆ ಅಂದೆ. ಅವರು ಹೇಳಿದರು. ದಾಳಿಂಬೆಗೆ ಹೊಡೆದ ಔಷಧಿ ಒಂದು ಸಲ ಗಾಳಿಗೆ ಪಕ್ಕದವರ ಸೊಪ್ಪಿನ ಮೇಲೆ ಬಿದ್ದು, ಆ ಮನೆಯ ಒಂದು ಬೆಳೆ ಹುಳು ಪೂರ್ತಿ ಹೋಯಿತಂತೆ. ಆ ಮನೆಯ ಹೆಂಗಸು ಸತ್ತ ಹುಳುವನ್ನೆಲ್ಲ ಮಂಕರಿಯಲ್ಲಿ ತುಂಬಿ ತಂದು ಇವರ ಗೇಟಿನ ಮುಂದೆ ಸುರಿದು, ಒಂದು ಮಾತೂ ಆಡದೆ ಹೋದಳಂತೆ. “ಬೈದಿದ್ರೆ ತಡ್ಕೋತಿದ್ದೆ,” ಅಂದರು. ನಷ್ಟ ಕಟ್ಟಿಕೊಟ್ಟರೂ ಮನಸ್ಸಿಗೆ ಸರಿಹೋಗಲಿಲ್ಲವಂತೆ. ಪಕ್ಕದಲ್ಲಿ ಸೊಪ್ಪು ಇರುವವರಿಗೆ ಈ ಯಂತ್ರ ಕೊಡಬಾರದು ಅಂತ ಆಗಲೇ ತೀರ್ಮಾನ ಮಾಡಿದ್ದರು. ಚಿಂತಾಮಣಿಯಿಂದ ಬಂದ ಒಬ್ಬರನ್ನು ಅದೇ ಕಾರಣಕ್ಕೆ ಟೀ ಕುಡಿಸಿ ವಾಪಸ್ ಕಳಿಸಿದ್ದರು.

“ಇಲ್ಲ ಸಾಹೇಬ್ರೇ,” ಅಂದೆ. “ಒಂದು ಕಡೆ ರಸ್ತೆ. ಮೂರು ಕಡೆ ದ್ರಾಕ್ಷಿನೇ.”

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಲ್ಲಿ ಸಿದ್ಧವಾಗಿದ್ದ ಹಾಗೆ ಬಂತು. ಬಾಮೈದ ಬಗ್ಗಿ ಟೆಂಪೋದ ಟಯರ್ ನೋಡತೊಡಗಿದ. ಸಾಹೇಬರ ಮುಖ ಹಗುರಾಯಿತು, ಅದನ್ನು ನೋಡಿಯೂ ನಾನು ಸುಮ್ಮನಿದ್ದೆ. ಟ್ಯಾಂಕಿನ ತಳದಲ್ಲಿ ಕೊನೆಯ ಸಲದ ಔಷಧಿ ಒಣಗಿ ಕೂತಿದೆ, ಸೋಪಿನ ನೀರು ತುಂಬಿ ಒಂದು ರಾತ್ರಿ ಬಿಟ್ಟು ತೊಳೆಯಿರಿ, ವಾಸನೆ ಹೋಗುವ ತನಕ ತೊಳೆಯುತ್ತಲೇ ಇರಿ ಅಂತ ಅವರು ಹೇಳಿಕೊಟ್ಟರು. ಬ್ಲೋವರ್ ಟೆಂಪೋ ಹತ್ತಿತು.

ದಾರಿಯಲ್ಲಿ ಬಾಮೈದ ತೊಂಡೇಬಾವಿ ದಾಟಿಸಿದ. ಆಮೇಲೆ ಕೇಳಿದ. “ಭಾವ, ಮೂರು ಕಡೆ ದ್ರಾಕ್ಷಿನಾ?”

“ನೀನು ರಸ್ತೆ ನೋಡ್ಕೊಂಡು ಓಡ್ಸಪ್ಪ.”

“ನೋಡ್ತಾನೇ ಇದ್ದೀನಿ. ನೀವು ಸಾಹೇಬ್ರಿಗೆ ಹೇಳಿದ್ರಲ್ಲಿ ರಸ್ತೆ ಒಂದೇ ನಿಜ.”

ಮಾರನೆಯ ದಿನ ಬೆಳಕು ಹರಿಯುತ್ತಿದ್ದ ಹಾಗೆ ಎದ್ದೆ. ಸೋಪಿನ ನೀರು ತುಂಬಿ ಒಂದು ರಾತ್ರಿ ಬಿಡಬೇಕಿತ್ತು, ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬೋರಿನ ನೀರು ಬಿಟ್ಟು ಒಂದು ಸಲ ಕಲಕಿ ಚೆಲ್ಲಿದೆ. ಮತ್ತೆ ತುಂಬಿದೆ. ಬರೀ ನೀರು ತಾನೆ, ಓಡಿಸಿ ನೋಡೋಣ ಅಂತ ಟ್ರ್ಯಾಕ್ಟರ್ ಹತ್ತಿ ಚಪ್ಪರದೊಳಗೆ ನುಗ್ಗಿದೆ. ಆಹಾ, ಆ ಸುಖವನ್ನು ಸುಳ್ಳು ಅನ್ನಲಾರೆ. ಒಂದೊಂದು ಎಲೆಯೂ ನಡುಗಿ, ಮಗುಚಿ, ಒದ್ದೆಯಾಗಿ ನಿಲ್ಲುತ್ತಿತ್ತು. ಕತ್ತು ಎತ್ತುವ ಹಾಗಿಲ್ಲ, ಪೈಪು ಎಳೆಯುವ ಹಾಗಿಲ್ಲ. ಬೇಲಿಯ ಕಡೆಯ ಕೊನೆಯ ಸಾಲಿಗೂ ಹೋದೆ. ತಂತಿ ದಾಟಿ ತುಂತುರು ಆಚೆಗೆ ಹೋಗಿ ತಮ್ಮನ ಸೊಪ್ಪಿನ ಮೇಲೆ ಇಳಿಯುವುದು ಕಾಣಿಸಿತು. ಬಿಸಿಲಿಗೆ ಹೊಳೆಯುತ್ತಿತ್ತು. ನೀರು ತಾನೆ ಅಂತ ಮತ್ತೊಮ್ಮೆ ಅಂದುಕೊಂಡೆ.

ರಾತ್ರಿ ನಮ್ಮಲ್ಲೇ ಉಳಿದಿದ್ದ ಬಾಮೈದ ಬಂದು ಕೈಯಾಡಿಸಿ ನಿಲ್ಲಿಸಿದ. ಬಗ್ಗಿ ನಾಝಲ್ ಮೂಸಿದ. ಫಿಲ್ಟರ್ ಬಿಚ್ಚಿದರೆ ಒಡೆದ ಮೊಸರಿನ ಹಾಗೆ ಬಿಳಿಯದು ಹಿಡಿದುಕೊಂಡಿತ್ತು. ತಳದಲ್ಲಿ ಒಣಗಿ ಕೂತಿದ್ದು ನೀರು ಬಿದ್ದ ಮೇಲೆ ಕರಗಿ ಮೇಲೆದ್ದಿತ್ತು.

“ಭಾವ, ಇದು ನೀರಲ್ಲ,” ಅಂದ.

ಹುಳು ದೊಡ್ಡದಾಗುವಾಗ ನಾಲ್ಕು ಸಲ ಮೇವು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುತ್ತೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ತಮ್ಮನ ಹುಳು ನಾಲ್ಕನೇ ಜ್ವರ ಎದ್ದಿತ್ತು. ಇನ್ನೊಂದು ವಾರ ಬಕಬಕ ಅಂತ ತಿಂದರೆ ಗೂಡು ಕಟ್ಟುವ ಹುಳು ಅದು. ಅವನ ಹಿಂದಿನ ಬೆಳೆ ಹಾಲುತೊಂಡೆ ರೋಗ ಬಂದು ಹೋಗಿತ್ತು. ಇದೂ ಹೋದರೆ ಸೊಪ್ಪು ಕಿತ್ತುಹಾಕಿ ಹುಳು ಸಾಕುವುದನ್ನೇ ಬಿಡುತ್ತೇನೆ ಅಂತ ಅವನು ಅಂದಿದ್ದನ್ನು ನನ್ನ ಹೆಂಡತಿ ಹೇಳಿದ್ದಳು. ಬೇಲಿಯ ಆಚೆ ಆಗಲೇ ಅವನ ಹೆಂಡತಿ ಕುಡುಗೋಲು ಹಿಡಿದು ಬೆಳಗಿನ ಸೊಪ್ಪು ಕೊಯ್ಯುತ್ತಿದ್ದಳು. ಬೇಲಿಯ ಕಡೆಯ ಸಾಲನ್ನೇ.

ಅಮ್ಮಯ್ಯ, ನಿಲ್ಲಿಸು ಅಂತ ಕೂಗಿದ್ದರೆ ಮುಗಿಯುತ್ತಿತ್ತು. ನಾನು ಹಸುವಿನ ಹತ್ತಿರ ಹೋದೆ.

ನಮ್ಮ ಮನೆಯಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತೆ. ಅಮ್ಮನ ಮಾತು ತೆಲುಗು, ಹೆದರಿಕೆಯಾದಾಗ ನನ್ನ ಬಾಯಿಗೆ ಮೊದಲು ಬರುವುದು ಅದೇ. ಕಾಲು ನಡುಗುತ್ತಿತ್ತು. ಬೀಳಬಾರದು ಅಂತ ಹಸುವಿನ ಕೊರಳು ಹಿಡಿದುಕೊಂಡು ಗಟ್ಟಿಯಾಗಿ ಹೇಳಿದೆ. “ಮಂದು ಕೊಟ್ಟಿನಾನು ತಲ್ಲೀ. ಚಾಲಾ ಕೊಟ್ಟಿನಾನು. ತಪ್ಪೈಪೋಯಿಂದಿ.” ಔಷಧಿ ಹೊಡೆದುಬಿಟ್ಟೆ ತಾಯಿ, ತುಂಬ ಹೊಡೆದೆ, ತಪ್ಪಾಗಿಹೋಯಿತು ಅಂತ. ಆದರೆ ತೆಲುಗಿನಲ್ಲಿ ಬೆಳೆಗೆ ಹೊಡೆಯುವುದೂ ಮಂದೇ, ಗಂಡಸರು ಸಂಜೆ ಅಂಗಡಿಯಲ್ಲಿ ಹೊಡೆಯುವುದೂ ಮಂದೇ. ಹಸುವನ್ನು ತಬ್ಬಿಕೊಂಡು, ದನಿ ನಡುಗಿಸುತ್ತಾ, ತುಂಬ ಹೊಡೆದೆ ತಾಯಿ ತಪ್ಪಾಯಿತು ಅನ್ನುವ ಮುದುಕನನ್ನು ನೋಡಿದರೆ ಯಾರಿಗೆ ತಾನೆ ಏನು ಅನ್ನಿಸೀತು? ತಮ್ಮನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೊಯ್ದ ಸೊಪ್ಪಿನ ಹೊರೆಯನ್ನು ತಲೆಗೆ ಎತ್ತಿಕೊಂಡು ಸರಸರ ಹುಳುವಿನ ಮನೆಯ ಕಡೆ ನಡೆದಳು.

ನಾನು ಹೇಳಿಯಾಯಿತು ಅಂದುಕೊಂಡಿದ್ದೆ. ಸೊಪ್ಪು ಎಸೆಯಲು ತೆಗೆದುಕೊಂಡು ಹೋಗುತ್ತಿದ್ದಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ತಮ್ಮ ಬೇಲಿಯ ತಂತಿ ಮೇಲೆತ್ತಿ ನುಸುಳಿಕೊಂಡು ಈ ಕಡೆಗೆ ಬಂದ. ಮದುವೆಯ ನಂತರ ಅವನು ನನ್ನ ತೋಟಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ನನ್ನ ಮುಖವನ್ನು ಹತ್ತಿರದಿಂದ ನೋಡಿದ, ಉಸಿರು ಎಳೆದು ಮೂಸಿದ.

“ಏನಣ್ಣ, ಬೆಳಗ್ಗೆ ಬೆಳಗ್ಗೆನೇ ಹಾಕ್ಕೊಂಡಿದ್ದೀಯಂತೆ?”

ಅವನ ದನಿಯಲ್ಲಿ ಹಾಸ್ಯ ಇರಲಿಲ್ಲ, ನಿಜವಾಗಿ ಹೆದರಿದ್ದ. ಅಣ್ಣ ಅಂದದ್ದು ಕೇಳಿ ನನ್ನ ಬಾಯಿ ಬಿಚ್ಚಿತು. “ಔಷಧಿ ಕಣೋ. ನಿನ್ನ ಸೊಪ್ಪಿನ ಮೇಲೆ ಬಿದ್ದಿದೆ. ಹುಳುಗೆ ಹಾಕ್ಬೇಡ್ರೋ.”

ಅವನು ಬಂದ ದಾರಿಯಲ್ಲೇ ಓಡಿದ. ತಂತಿಗೆ ಅಂಗಿ ಸಿಕ್ಕಿ ಹರಿದ ಸದ್ದು ಕೇಳಿಸಿತು. ನಾನೂ ಹಿಂದೆ ಹೋದೆ. ಅಷ್ಟರಲ್ಲಿ ಅವನ ಹೆಂಡತಿ ಹುಳು ಮೇಯಿಸುವ ಅಟ್ಟಗಳಲ್ಲಿ ಮೊದಲನೇ ಸ್ಟ್ಯಾಂಡಿನ ಹುಳುವಿಗೆ ಆ ಸೊಪ್ಪನ್ನು ಹರಡಿಯಾಗಿತ್ತು. ಹಸಿದ ಹುಳು ಕಡ್ಡಿಗಳ ಮೇಲೆ ಹತ್ತಿ ತಿನ್ನುತ್ತಿತ್ತು. ಬಿಡಿಸಲು ಹೋದರೆ ಹುಳು ಕಿತ್ತುಬರುತ್ತೆ. ಆದಷ್ಟು ತೆಗೆದರು, ತೆಗೆಯಲಾಗದ್ದು ಉಳಿಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ತಮ್ಮ ತಿರುಗಿ ನೋಡಿ, ಆ ಬಟ್ಟೆಯಲ್ಲಿ ಒಳಗೆ ಬರಬೇಡ ಅಂದ. ನನ್ನ ಮೈಯೆಲ್ಲ ಅದೇ ತುಂತುರು.

ಟ್ಯಾಂಕು ತೊಳೆದಿದ್ದೆಯಾ ಅಂತ ಕೇಳಿದ. ಒಂದು ಸಲ ಅಂದೆ.

ಬಾಮೈದ ಹೇಳಿಸಿಕೊಳ್ಳದೆ ಟೆಂಪೋ ತೆಗೆದುಕೊಂಡು ಹೋಗಿ ಚಿಂತಾಮಣಿ ರಸ್ತೆಯ ಕಡೆಯ ಯಾರದೋ ತೋಟದಿಂದ ಮಿಕ್ಕ ಹುಳುವಿಗೆ ಸೊಪ್ಪು ತಂದ. ಮೊದಲನೇ ಸ್ಟ್ಯಾಂಡಿಗೆ ಏನಾಗುತ್ತೋ ಕಾಯುವುದೊಂದೇ ಉಳಿದಿತ್ತು. ವಿಷ ತಗುಲಿದ ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತೆ, ಹಸಿರು ನೀರು ಕಕ್ಕುತ್ತೆ, ಆಮೇಲೆ ಮೈ ಗಿಡ್ಡವಾಗಿ ಉದುರುತ್ತೆ. ಆ ಬೇಲಿ ಸಾಲಿನ ಹೊರೆಯಿಂದ ಬೇರೆ ಸ್ಟ್ಯಾಂಡಿಗೂ ನಾಲ್ಕು ಕಡ್ಡಿ ಹೋಗಿದೆಯೇನೋ ಅಂತ ಅವನ ಹೆಂಡತಿಗೆ ಅನುಮಾನ. ಸಂಜೆಯೊಳಗೆ ತಿಳಿಯುತ್ತೆ ಅಂದ ತಮ್ಮ. ನಾನು ಹೊರಗೆ ಒಗೆಯುವ ಕಲ್ಲಿನ ಮೇಲೆ ಕೂತೆ. ಸ್ನಾನ ಮಾಡಿ ಬನ್ನಿ ಅಂತ ಹೆಂಡತಿ ಬಂದು ಕರೆದಳು. ಹೋಗಲಿಲ್ಲ. ಅಲೀಪುರದ ಗೇಟಿನ ಮುಂದೆ ಸುರಿದ ಮಂಕರಿಯೇ ಕಣ್ಣ ಮುಂದೆ.

ಮಧ್ಯಾಹ್ನದ ಹೊತ್ತಿಗೆ ತಮ್ಮನೂ ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಹುಳುವಿನ ಮನೆಯ ಬಾಗಿಲನ್ನೇ ನೋಡುತ್ತಿದ್ದೆವು. ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಸಾಹೇಬರು ಕೇಳಿದ್ದು, ಪಕ್ಕದಲ್ಲಿ ಸೊಪ್ಪಿಲ್ಲ ಅಂತ ನಾನು ಹೇಳಿದ್ದು, ಮೂರು ಕಡೆಯೂ ದ್ರಾಕ್ಷಿ ಅಂದದ್ದು. ಅವನು ಕಡ್ಡಿಯಿಂದ ನೆಲ ಗೀರುತ್ತಾ ಎಲ್ಲ ಕೇಳಿಸಿಕೊಂಡು ಅಂದ.

“ಸರಿ ಬಿಡು. ಲಗ್ನಪತ್ರಿಕೆಯಲ್ಲೂ ನಾನಿರ್ಲಿಲ್ಲ, ಪಕ್ಕದಲ್ಲೂ ಇಲ್ಲ.”

ಸಾಹೇಬರ ಎದುರು ಸುಳ್ಳು ಬಾಯಲ್ಲಿ ಸಿದ್ಧವಾಗಿತ್ತು ಅಂದೆನಲ್ಲ, ಅದು ಯಾವಾಗಿನಿಂದ ಸಿದ್ಧವಾಗಿತ್ತು ಅಂತ ಆಗ ತಿಳಿಯಿತು. “ಅದು ಪ್ರೆಸ್ಸಿನವನ ತಪ್ಪಲ್ಲ ಕಣೋ,” ಅಂದೆ. “ನಾನೇ ಬಿಟ್ಟಿದ್ದು.”

“ಗೊತ್ತು,” ಅಂದ. ಎದ್ದು ಒಳಗೆ ಹೋದ. ಮತ್ತೆ ಬಂದ, ಮತ್ತೆ ಹೋದ. ಪ್ರತಿ ಸಲ ಬಾಗಿಲಲ್ಲಿ ಕೈ ತೊಳೆದುಕೊಳ್ಳುತ್ತಿದ್ದ ಸದ್ದನ್ನು ಕೇಳುತ್ತಾ ನಾನು ಕೂತಿದ್ದೆ. ಅವನು ಬೈಯಲಿಲ್ಲ. ಸಾಹೇಬರು ಅಂದದ್ದು ಅರ್ಥವಾಯಿತು.

ಬಿಸಿಲು ಇಳಿದ ಮೇಲೆ ಅವನೇ ಕರೆದ. “ಸ್ನಾನ ಮಾಡ್ಕೊಂಡು ಬಾ. ಬೇರೆ ಬಟ್ಟೆ ಹಾಕ್ಕೊಂಡು ಬಾ.” ದನಿಯಿಂದ ಏನೂ ತಿಳಿಯಲಿಲ್ಲ. ನಾನು ಸ್ನಾನ ಮಾಡಿದೆನೋ ಬರೀ ಒದ್ದೆಯಾದೆನೋ, ಓಡಿ ಬಂದೆ. ಮೊದಲನೇ ಸ್ಟ್ಯಾಂಡಿನ ಎದುರು ನಿಲ್ಲಿಸಿದ. ಬೆಳಿಗ್ಗೆಯ ಕಡ್ಡಿಗಳು ಎಲೆ ಒಂದೂ ಉಳಿಯದೆ ಬೋಳಾಗಿದ್ದವು. ಹುಳು ಹೊಸ ಸೊಪ್ಪಿನ ಮೇಲೆ ಹತ್ತಿ ಅಂಚಿನಿಂದ ಅಂಚಿಗೆ ಕತ್ತರಿಸುತ್ತಿತ್ತು. ಒಂದೂ ತಲೆ ಆಡಿಸುತ್ತಿರಲಿಲ್ಲ. ಎಲ್ಲೂ ಹಸಿರು ನೀರಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಮಡಿಸುತ್ತಿರುವಂಥ ಆ ಮೇಯುವ ಸದ್ದು ಮನೆ ತುಂಬ ಇತ್ತು. ನಾನು ಮಾಡಿದ ಒಂದು ತೊಳೆತವೇ ಸಾಕಾಯಿತೋ, ಅವಳು ಕೊಯ್ದ ಕಡೆಗೆ ತುಂತುರು ಹೆಚ್ಚು ಬಿದ್ದಿರಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ಸ್ಟ್ಯಾಂಡಿನ ಕಂಬ ಹಿಡಿದುಕೊಂಡೆ.

ಒಳಗಿನಿಂದ ತಮ್ಮನ ಹೆಂಡತಿ ಗಂಡನಿಗೆ ಅನ್ನುವ ಹಾಗೆ ಅಂದಳು. “ಭಾವನೋರಿಗೆ ಈಗ ಇಳ್ದಿದ್ಯಾ ಕೇಳಿ.”

ತಮ್ಮ ನಕ್ಕ. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನೂ ಅವಳು ಊರಿಗೆ ಹೇಳಿದ್ದಾಳೆ.

ಆ ಹುಳು ಹಣ್ಣಾಯಿತು, ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟರು, ಬಿಳಿಯ ಗಟ್ಟಿ ಗೂಡು ಕಟ್ಟಿತು. ಬಾಮೈದನ ಟೆಂಪೋದಲ್ಲೇ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು. ಅದು ಹೋದ ದಿನ ನಾನು ಅಲೀಪುರಕ್ಕೆ ಫೋನ್ ಮಾಡಿದೆ. ಅಲ್ಲಿಯ ತನಕ ಧೈರ್ಯ ಬಂದಿರಲಿಲ್ಲ. ಸಾಹೇಬ್ರೇ, ನಾನು ಸುಳ್ಳು ಹೇಳಿದ್ದೆ, ನನ್ನ ಸ್ವಂತ ತಮ್ಮನ ಸೊಪ್ಪೇ ಪಕ್ಕದಲ್ಲಿರೋದು ಅಂತ ಶುರುಮಾಡಿ ನಡೆದದ್ದನ್ನೆಲ್ಲ ಹೇಳಿದೆ. ನಡುವೆ ತಡೆದು ಒಂದೇ ಮಾತು ಕೇಳಿದರು, ಹುಳು ಉಳೀತಾ ಅಂತ. ಉಳೀತು, ಇವತ್ತು ಗೂಡು ಮಾರ್ಕೆಟ್ಟಿಗೆ ಹೋಯ್ತು ಅಂದೆ. ಯಂತ್ರ ವಾಪಸ್ ತಂದುಬಿಡುತ್ತೇನೆ ಅಂತಲೂ ಅಂದೆ.

“ನಿಮ್ಮ ಮೇಲೆ ಕೋಪ ಮಾಡ್ಕೋಬೇಕು ಯಜಮಾನ್ರೇ,” ಅಂದರು. “ಇವತ್ತು ಆಗ್ತಿಲ್ಲ. ಇನ್ನೊಂದು ದಿನ ಫೋನ್ ಮಾಡಿ, ಮಾಡ್ಕೋತೀನಿ.” ವಾಪಸ್ ತರುವುದೋ ಇಟ್ಟುಕೊಳ್ಳುವುದೋ ನನ್ನನ್ನು ಕೇಳಬೇಡಿ, ಸೊಪ್ಪು ಯಾರದೋ ಅವರನ್ನು ಕೇಳಿ ಅಂದರು.

ಕೇಳಿದೆ. ಹಸುವನ್ನಲ್ಲ, ಬೇಲಿ ದಾಟಿ ಹೋಗಿ ಅವನನ್ನೇ ಕೇಳಿದೆ. ತಮ್ಮ ಬಂದು ಬ್ಲೋವರನ್ನು ಸುತ್ತಲೂ ನೋಡಿದ. ಈಗ ಸೋಪಿನ ನೀರಿನಲ್ಲಿ ತೊಳೆದು ತೊಳೆದು ಟ್ಯಾಂಕಿನ ಒಳಗೆ ಮುಖ ಇಟ್ಟರೂ ವಾಸನೆ ಇರಲಿಲ್ಲ. ಅವನ ಕಡೆಯ ನಾಝಲ್‌ಗಳನ್ನೆಲ್ಲ ತಾನೇ ಮುಚ್ಚಿದ. ಬೇಲಿಯ ಸಾಲುಗಳಿಗೆ ಪೈಪಿನಲ್ಲೇ ಹೊಡೆಯಬೇಕು, ಅವನ ಹುಳು ಮೇಯುತ್ತಿರುವಾಗ ಯಂತ್ರ ಬೇಲಿಯ ಹತ್ತಿರವೂ ಬರಬಾರದು, ಮಿಕ್ಕ ದಿನ ಹೊಡೆಯುವಾಗ ತಾನು ಎದುರಿಗೆ ಇರುತ್ತೇನೆ ಅಂದ. ಎಲ್ಲದಕ್ಕೂ ಹೂಂ ಅಂದೆ.

ಮೊದಲ ಸಲ ಹಾಗೆ ಹೊಡೆದ ಬೆಳಿಗ್ಗೆ ಗಾಳಿ ಇರಲಿಲ್ಲ. ಅವನು ಟವೆಲ್ ಸುತ್ತಿಕೊಂಡು ಬೇಲಿಯ ಕಲ್ಲು ಕಂಬಕ್ಕೆ ಒರಗಿ ನಿಂತಿದ್ದ. ನಾನು ಒಂದೊಂದೇ ಸಾಲು ಮುಗಿಸುತ್ತಾ ಬಂದೆ. ತೋಟದ ಮಧ್ಯಕ್ಕೆ ಬಂದಾಗ ಅವನು ಒಂದು ಹಿಡಿ ಮಣ್ಣನ್ನು ಮೇಲಕ್ಕೆ ತೂರಿ, ಅದು ಯಾವ ಕಡೆ ಬೀಳುತ್ತೆ ಅಂತ ನೋಡಿ, ನನ್ನ ಕಡೆ ಕೈಯೆತ್ತಿ ಕೂಗಿದ.

“ಅಣ್ಣಾ, ಗಾಳಿ ತಿರುಗ್ತು. ನಿಲ್ಸು.”

ನಿಲ್ಲಿಸಿದೆ.